ಡೇವ್ ಬಿಂಗ್ ಮತ್ತು ಡೆಟ್ರಾಯಿಟ್ ನಗರದ ಲೆಕ್ಕ

೨೦೧೩ನೆಯ ಇಸವಿಯ ಜುಲೈ ೧೮ರಂದು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಡೆಟ್ರಾಯಿಟ್ ನಗರವು ತನ್ನ ಸಾಲಗಳನ್ನು ತೀರಿಸಲಾರೆನೆಂದು ದಿವಾಳಿ ನ್ಯಾಯಾಲಯದ ಮೊರೆಹೊಕ್ಕಿತು. ಸಾಲದ ಮೊತ್ತ ೧,೮೦೦ ಕೋಟಿಯಿಂದ ೨,೦೦೦ ಕೋಟಿ ಡಾಲರುಗಳೆಂದು ಅಂದಾಜಾಗಿದ್ದಿತು. ಆ ದೇಶದಲ್ಲಿ ಯಾವ ನಗರವೂ ಅದುವರೆಗೆ ಅಷ್ಟು ದೊಡ್ಡ ದಿವಾಳಿಯನ್ನು ಕಂಡಿರಲಿಲ್ಲ. ಅಂದು ಆ ನಗರದ ಮೇಯರಾಗಿದ್ದವರು ಡೇವ್ ಬಿಂಗ್. ಆದರೆ ಅರ್ಜಿಯನ್ನು ಸಲ್ಲಿಸಿದವರು ಅವರಲ್ಲ. ಸಂಸ್ಥಾನದ ಗವರ್ನರು ನಾಲ್ಕು ತಿಂಗಳ ಹಿಂದೆ ನೇಮಿಸಿದ್ದ ಒಬ್ಬ ಅಧಿಕಾರಿ. ಜನರು ಆರಿಸಿದ ಮೇಯರು ತನ್ನ ಕೊಠಡಿಯಲ್ಲಿಯೇ ಕುಳಿತಿದ್ದರೂ ನಗರದ ಹಣಕಾಸಿನ ಮೇಲೆ ಅವರಿಗೆ ಅಧಿಕಾರವಿರಲಿಲ್ಲ.

ಆಟಗಾರರು ರಾಜಕಾರಣಕ್ಕೆ ಇಳಿಯುವುದು ಅಮೆರಿಕಕ್ಕೆ ಹೊಸದಲ್ಲ. ನ್ಯೂಯಾರ್ಕ್ ನಿಕ್ಸ್ ತಂಡದ ಬಿಲ್ ಬ್ರಾಡ್ಲಿ ೧೯೭೯ರಿಂದ ೧೯೯೭ರವರೆಗೆ ನ್ಯೂಜರ್ಸಿಯ ಸೆನೆಟರಾಗಿದ್ದರು. ಫೀನಿಕ್ಸ್ ತಂಡದ ಕೆವಿನ್ ಜಾನ್ಸನ್ ೨೦೦೮ರಿಂದ ೨೦೧೬ರವರೆಗೆ ಸ್ಯಾಕ್ರಮೆಂಟೋ ನಗರದ ಮೇಯರಾಗಿದ್ದರು. ಬಿಂಗ್ ಅವರ ಬಾಳಿನ ಬಗೆ ಇವರದಕ್ಕಿಂತ ಬೇರೆಯದು. ಅವರ ಆಟಕ್ಕೂ ಅಧಿಕಾರಕ್ಕೂ ನಡುವೆ ಸುಮಾರು ಮೂವತ್ತು ವರ್ಷಗಳ ವ್ಯಾಪಾರವಿದೆ. ಮತದಾರರು ಅವರನ್ನು ಆರಿಸಿದುದು ಹಳೆಯ ಆಟಗಾರನೆಂಬ ಅಭಿಮಾನದಿಂದ ಮಾತ್ರವಲ್ಲ. ಲೆಕ್ಕ ಬಲ್ಲ ವ್ಯಾಪಾರಿ ನಗರದ ಲೆಕ್ಕವನ್ನೂ ಸರಿಪಡಿಸಿಯಾನೆಂಬ ನಂಬಿಕೆಯಿಂದ. ಆ ನಂಬಿಕೆ ಎಷ್ಟರಮಟ್ಟಿಗೆ ಸಾಧುವಾದುದೆಂಬುದನ್ನು ನೋಡಬೇಕಾದರೆ ಅವರ ವ್ಯಾಪಾರವನ್ನೂ ನಗರದ ಸ್ಥಿತಿಯನ್ನೂ ಜೊತೆಯಲ್ಲಿಟ್ಟು ಪರಿಶೀಲಿಸುವುದು ಅವಶ್ಯ.

ಬಿಂಗ್ ಹುಟ್ಟಿದುದು ೧೯೪೩ರ ನವೆಂಬರ್ ೨೪ರಂದು, ರಾಜಧಾನಿ ವಾಷಿಂಗ್ಟನ್ನಿನಲ್ಲಿ. ತಂದೆ ಇಟ್ಟಿಗೆ ಕಟ್ಟುವ ಗಾರೆಕೆಲಸದವರು. ಐದು ವರ್ಷದವನಾಗಿದ್ದಾಗ ಹುಡುಗ ಕೋಲಿನಿಂದ ಆಟದ ಕುದುರೆಯೊಂದನ್ನು ಮಾಡಿಕೊಂಡು ಆಡುತ್ತಿದ್ದನು. ಅದರಲ್ಲಿದ್ದ ತುಕ್ಕು ಹಿಡಿದ ಮೊಳೆ ಎಡಗಣ್ಣಿಗೆ ತಾಕಿತು. ಶಸ್ತ್ರಚಿಕಿತ್ಸೆಗೆ ಮನೆಯಲ್ಲಿ ಹಣವಿರಲಿಲ್ಲ. ಕಣ್ಣು ಉಳಿಯಿತು, ದೃಷ್ಟಿ ಮಾತ್ರ ಮಸುಕಾಯಿತು. ಹೀಗೆ ಒಂದೂವರೆ ಕಣ್ಣಿನ ಹುಡುಗ ಬ್ಯಾಸ್ಕೆಟ್‌ಬಾಲಿನಂಥ ಗುರಿಯ ಆಟದಲ್ಲಿ ಹೆಸರು ಮಾಡಿದುದು ಆಶ್ಚರ್ಯವೇ ಸರಿ. ಸಿರಕ್ಯೂಸ್ ವಿಶ್ವವಿದ್ಯಾನಿಲಯದಲ್ಲಿ ಆಡಿ, ೧೯೬೬ರಲ್ಲಿ ವೃತ್ತಿಪರ ತಂಡಗಳ ಆಯ್ಕೆಯಲ್ಲಿ ಎರಡನೆಯವರಾಗಿ ಡೆಟ್ರಾಯಿಟ್ ಪಿಸ್ಟನ್ಸ್ ತಂಡವನ್ನು ಸೇರಿದರು. ಮೊದಲ ವರ್ಷವೇ ಆ ಸಾಲಿನ ಶ್ರೇಷ್ಠ ಹೊಸ ಆಟಗಾರನೆಂಬ ಪ್ರಶಸ್ತಿ ಬಂದಿತು. ಎರಡನೆಯ ವರ್ಷ ಪಂದ್ಯವೊಂದಕ್ಕೆ ಸರಾಸರಿ ೨೭.೧ ಅಂಕ ಗಳಿಸಿ ಇಡೀ ಲೀಗಿನಲ್ಲಿ ಮೊದಲಿಗರಾದರು. ೧೯೭೧ರಲ್ಲಿ ಅಭ್ಯಾಸ ಪಂದ್ಯವೊಂದರಲ್ಲಿ ಎದುರಾಳಿಯ ಬೆರಳು ತಗುಲಿ ಒಳ್ಳೆಯ ಕಣ್ಣಾದ ಬಲಗಣ್ಣಿನ ಅಕ್ಷಿಪಟವೇ ಕಳಚಿತು. ಶಸ್ತ್ರಚಿಕಿತ್ಸೆಯ ಬಳಿಕ ಅದೇ ಋತುವಿನಲ್ಲಿ ಅವರು ಮತ್ತೆ ಆಟಕ್ಕಿಳಿದರು. ೧೯೭೫ರಲ್ಲಿ ವಾಷಿಂಗ್ಟನ್ ತಂಡಕ್ಕೆ, ಕಡೆಯಲ್ಲಿ ಬಾಸ್ಟನ್ ತಂಡಕ್ಕೆ ಹೋಗಿ, ೧೯೭೮ರಲ್ಲಿ ನಿವೃತ್ತರಾಗುವ ವೇಳೆಗೆ ೯೦೧ ಪಂದ್ಯಗಳಲ್ಲಿ ೧೮,೩೨೭ ಅಂಕಗಳು ಅವರ ಹೆಸರಿಗಿದ್ದುವು. ಆಟದ ಕೀರ್ತಿಮಂದಿರದಲ್ಲಿ ೧೯೯೦ರಲ್ಲಿ ಅವರಿಗೆ ಸ್ಥಾನ ದೊರೆಯಿತು. ಆಟದ ವಿಷಯ ಇಷ್ಟು ಸಾಕು.

ಈ ಲೇಖನಕ್ಕೆ ಹೆಚ್ಚು ಸಂಬಂಧಪಟ್ಟುದು ಆಟವಿಲ್ಲದ ತಿಂಗಳುಗಳಲ್ಲಿ ಅವರು ಮಾಡಿದ ಕೆಲಸ. ಅವರ ಮೊದಲ ಕರಾರು ವರ್ಷಕ್ಕೆ ೧೫,೦೦೦ ಡಾಲರುಗಳದು. ಇಂದಿನ ಆಟಗಾರರ ಸಂಬಳದ ಮುಂದೆ ಇದು ಲೆಕ್ಕಕ್ಕೇ ಬಾರದು. ಡೆಟ್ರಾಯಿಟಿಗೆ ಬಂದ ಹೊಸದರಲ್ಲಿ ಮನೆಗಾಗಿ ಸಾಲ ಕೇಳಿ ಇಲ್ಲವೆನಿಸಿಕೊಂಡುದನ್ನು ಅವರು ಮರೆಯಲಿಲ್ಲ. ಲೀಗಿನ ಹೆಸರಾಂತ ಆಟಗಾರನಾದರೂ ಕಪ್ಪು ಜನಾಂಗದವನಾದ ತರುಣನೊಬ್ಬನಿಗೆ ಆ ಕಾಲದ ಅಮೆರಿಕದಲ್ಲಿ ಬ್ಯಾಂಕಿನ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲ. ಬಿಂಗ್ ಮಾಡಿದುದು ಇಷ್ಟೆ: ಬ್ಯಾಂಕು ಹೇಗೆ ಯೋಚಿಸುತ್ತದೆಂಬುದನ್ನು ತಿಳಿಯಲು ಬೇಸಗೆಗಳಲ್ಲಿ ನ್ಯಾಷನಲ್ ಬ್ಯಾಂಕ್ ಆಫ್ ಡೆಟ್ರಾಯಿಟ್‌ನಲ್ಲಿ ಕೆಲಸಕ್ಕೆ ಸೇರಿದರು. ಹಣ ಎಣಿಸಿ ಕೊಡುವ ಕಟಕಟೆಯಿಂದ ಆರಂಭಿಸಿ, ಆಟವಿಲ್ಲದಾಗಲೆಲ್ಲ ಅಲ್ಲಿಗೆ ಮರಳಿ, ಬ್ಯಾಂಕಿನ ವ್ಯವಹಾರವನ್ನು ಒಳಗಿನಿಂದ ಕಂಡರು. ಭಾರತದ ಬ್ಯಾಂಕುಗಳಲ್ಲಿಯೂ ಆಟಗಾರರಿಗೆ ಹುದ್ದೆ ದೊರೆಯುವ ಪದ್ಧತಿಯಿದೆ. ಆದರೆ ಇಲ್ಲಿ ಹುದ್ದೆ ಕೊಡುವುದು ಬ್ಯಾಂಕಿನ ತಂಡಕ್ಕೆ ಆಡಲೆಂದು. ಹಾಜರಿ ಪುಸ್ತಕದಲ್ಲಿ ಹೆಸರಿದ್ದರೂ ಆಟಗಾರನು ಮೈದಾನದಲ್ಲಿರುತ್ತಾನೆ. ಬಿಂಗ್ ಅವರಾದರೋ ಬ್ಯಾಂಕಿಗೆ ಹೋದುದು ಆಟ ಮುಗಿದ ಮೇಲಿನ ದಿನಗಳಿಗಾಗಿ.

ನಿವೃತ್ತಿಯ ತರುವಾಯವೂ ಅವರು ಹೆಸರನ್ನು ಮಾರಿಕೊಂಡು ಬದುಕುವ ದಾರಿಯನ್ನು ಹಿಡಿಯಲಿಲ್ಲ. ಪ್ಯಾರಗನ್ ಸ್ಟೀಲ್ ಎಂಬ ಉಕ್ಕಿನ ಸಂಸ್ಥೆಯಲ್ಲಿ ಎರಡು ವರ್ಷ ಶಿಕ್ಷಾರ್ಥಿಯಾಗಿದ್ದು ವಿಭಾಗದಿಂದ ವಿಭಾಗಕ್ಕೆ ತಿರುಗಿ ಕೆಲಸ ಕಲಿತರು. ೧೯೮೦ರಲ್ಲಿ ನಾಲ್ಕು ಮಂದಿ ಕೆಲಸಗಾರರೊಡನೆ ಬಿಂಗ್ ಸ್ಟೀಲ್ ಎಂಬ ಸ್ವಂತ ಸಂಸ್ಥೆಯನ್ನು ತೆರೆದರು. ಬಂಡವಾಳವೆಂದರೆ ೨,೫೦,೦೦೦ ಡಾಲರು ಸಾಲ, ಜೊತೆಗೆ ಕೈಯ ಹಣ ೮೦,೦೦೦ ಡಾಲರು.

ಈ ವ್ಯಾಪಾರದ ಸ್ವರೂಪವನ್ನು ಸ್ವಲ್ಪ ವಿವರಿಸುವುದು ಅಗತ್ಯ. ದೊಡ್ಡ ಉಕ್ಕಿನ ಕಾರ್ಖಾನೆಗಳು ತಗಡನ್ನು ಭಾರಿ ಸುರುಳಿಗಳಾಗಿ ಮಾರುತ್ತವೆ. ಮೋಟಾರು ಕಾರ್ಖಾನೆಗಳಿಗೂ ಅವುಗಳಿಗೆ ಬಿಡಿಭಾಗಗಳನ್ನು ಒದಗಿಸುವವರಿಗೂ ಬೇಕಾಗುವುದು ಗೊತ್ತಾದ ಅಗಲಕ್ಕೆ ಸೀಳಿ ಗೊತ್ತಾದ ಅಳತೆಗೆ ಕತ್ತರಿಸಿದ ತಗಡು. ಇವೆರಡರ ನಡುವೆ ನಿಂತು, ಸುರುಳಿಯನ್ನು ಕೊಂಡು, ಸೀಳಿ, ಕತ್ತರಿಸಿ, ವೇಳೆಗೆ ಸರಿಯಾಗಿ ತಲಪಿಸುವುದೇ ಇಂಥ ಸಂಸ್ಥೆಯ ಕಸುಬು. ಲಾಭದ ಅಂಚು ಬಲು ಸಣ್ಣದು. ಉಕ್ಕು ಕೊಟ್ಟವನಿಗೆ ಹಣ ಬೇಗ ಸಲ್ಲಬೇಕು. ಕೊಂಡವನಿಂದ ಹಣ ಬರುವುದು ನಿಧಾನ. ಈ ಮಧ್ಯದ ದಿನಗಳನ್ನು ದಾಟಿಸುವುದು ಸಾಲದ ಹಣ. ಆದುದರಿಂದ ಬಡ್ಡಿಯ ದರವೇ ಈ ವ್ಯಾಪಾರದ ಉಸಿರು. ೧೯೮೦ರಲ್ಲಿಯೋ, ಅಮೆರಿಕದ ಬ್ಯಾಂಕುಗಳು ತಮ್ಮ ಅತ್ಯುತ್ತಮ ಗಿರಾಕಿಗಳಿಂದ ತೆಗೆದುಕೊಳ್ಳುತ್ತಿದ್ದ ಬಡ್ಡಿಯೇ ಏಪ್ರಿಲಿನಲ್ಲಿ ನೂರಕ್ಕೆ ೨೦ನ್ನು ಮುಟ್ಟಿ, ಡಿಸೆಂಬರಿನಲ್ಲಿ ೨೧.೫ಕ್ಕೆ ಏರಿತು. ಕ್ರೈಸ್ಲರ್ ಸಂಸ್ಥೆ ಕೇಂದ್ರ ಸರ್ಕಾರದ ಖಾತರಿಯ ಮೇಲೆ ಉಸಿರಾಡುತ್ತಿದ್ದ ಕಾಲವದು. ಸಾಲ ಮಾಡಿ ಉಕ್ಕಿನ ವ್ಯಾಪಾರ ತೆರೆಯುವುದಕ್ಕೆ ಅದಕ್ಕಿಂತ ಕೆಟ್ಟ ಗಳಿಗೆ ಸಿಕ್ಕುವುದು ಕಷ್ಟ.

ಮೊದಲ ಆರು ತಿಂಗಳಲ್ಲಿ ಬಿಂಗ್ ತಾವು ಹೂಡಿದ ಸ್ವಂತ ಹಣವನ್ನೆಲ್ಲ ಕಳೆದುಕೊಂಡರು. ಆದರೂ ಬಾಗಿಲು ಮುಚ್ಚಲಿಲ್ಲ. ಎರಡನೆಯ ವರ್ಷ ಜನರಲ್ ಮೋಟಾರ್ಸ್ ದೊಡ್ಡ ಗಿರಾಕಿಯಾಗಿ ದೊರೆತು, ವಹಿವಾಟು ೪೨ ಲಕ್ಷ ಡಾಲರುಗಳಿಗೆ ಏರಿ, ಸಂಸ್ಥೆ ಲಾಭ ಕಂಡಿತು. ೧೯೮೪ರಲ್ಲಿ ಅಧ್ಯಕ್ಷ ರೇಗನ್ ಅವರಿಂದ ಅಲ್ಪಸಂಖ್ಯಾತ ವರ್ಗದ ಸಣ್ಣ ವ್ಯಾಪಾರಿಗಳಿಗೆ ಸಲ್ಲುವ ರಾಷ್ಟ್ರೀಯ ಪ್ರಶಸ್ತಿ ಬಂದಿತು. ೧೯೮೫ರ ವೇಳೆಗೆ ಎರಡು ಕಾರ್ಖಾನೆ, ೬೩ ಮಂದಿ ಕೆಲಸಗಾರರು, ೪ ಕೋಟಿ ಡಾಲರುಗಳ ವಹಿವಾಟು. ಮುಂದೆ ಬಿಂಗ್ ಗ್ರೂಪ್ ಎಂಬ ಹೆಸರಿನಲ್ಲಿ ಮೋಟಾರಿನ ಬಿಡಿಭಾಗಗಳ ತಯಾರಿಕೆಗೂ ಅದು ಕೈಹಾಕಿತು.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ೧೯೬೭ರ ಜುಲೈ ತಿಂಗಳಲ್ಲಿ ಡೆಟ್ರಾಯಿಟಿನಲ್ಲಿ ನಡೆದ ದಂಗೆಯಲ್ಲಿ ೪೩ ಮಂದಿ ಮಡಿದರು. ಅದರ ಬಳಿಕ ಮೋಟಾರು ಸಂಸ್ಥೆಗಳು ತಮ್ಮ ಖರೀದಿಯ ಒಂದು ಪಾಲನ್ನು ಅಲ್ಪಸಂಖ್ಯಾತ ವರ್ಗದವರ ಸಂಸ್ಥೆಗಳಿಂದ ಪಡೆಯುವ ನೀತಿಯನ್ನು ಅನುಸರಿಸಿದುವು. ಬಿಂಗ್ ಅವರ ಏಳಿಗೆಗೆ ಆ ನೀತಿಯ ನೆರವೂ ಇದ್ದಿತು. ಇದರಿಂದ ಅವರ ಸಾಧನೆ ಕುಂದುವುದಿಲ್ಲ. ಬಾಗಿಲು ತೆರೆದುದು ನೀತಿಯಾದರೂ, ತಗಡು ಅಳತೆ ತಪ್ಪಿದರೆ ಇಲ್ಲವೆ ಲಾರಿ ವೇಳೆ ಮೀರಿದರೆ ಯಾವ ನೀತಿಯೂ ಗಿರಾಕಿಯನ್ನು ಉಳಿಸಿಕೊಡಲಾರದು. ಆದರೆ ಅವರ ವ್ಯಾಪಾರವೆಲ್ಲ ಮೂರು ಮೋಟಾರು ಸಂಸ್ಥೆಗಳ ನೆರಳಿನಲ್ಲಿ ಬೆಳೆದುದೆಂಬುದು ಮುಂದಿನ ಕಥೆಗೆ ಮುಖ್ಯ. ನಗರವೂ ಅದೇ ನೆರಳಿನಲ್ಲಿ ಬೆಳೆದಿದ್ದಿತು.

೧೯೫೦ರ ಜನಗಣತಿಯಲ್ಲಿ ಡೆಟ್ರಾಯಿಟಿನ ಜನಸಂಖ್ಯೆ ೧೮,೪೯,೫೬೮. ೨೦೦೦ದಲ್ಲಿ ೯,೫೧,೨೭೦. ೨೦೧೦ರಲ್ಲಿ ೭,೧೩,೭೭೭. ಕಡೆಯ ಹತ್ತು ವರ್ಷಗಳಲ್ಲಿಯೇ ನಾಲ್ವರಲ್ಲಿ ಒಬ್ಬರು ಊರು ಬಿಟ್ಟಂತಾಯಿತು. ಕ್ಷಾಮವಾಗಲಿ ಯುದ್ಧವಾಗಲಿ ಇಲ್ಲದೆ ಒಂದು ಮಹಾನಗರ ಹೀಗೆ ಬರಿದಾದುದಕ್ಕೆ ಕಾರಣಗಳು ಹಲವು. ಕಾರ್ಖಾನೆಗಳು ನಗರದ ಅಂಚಿಗೂ, ಆಮೇಲೆ ದಕ್ಷಿಣದ ಸಂಸ್ಥಾನಗಳಿಗೂ ಹೋದುವು. ಹೆದ್ದಾರಿಗಳು ಬಂದು ದೂರದ ಉಪನಗರಗಳು ಹತ್ತಿರವಾದುವು. ಬಿಳಿಯರು ಮೊದಲು ಹೊರಟರು. ಅನುಕೂಲವಂತರಾದ ಕಪ್ಪು ಜನಾಂಗದವರೂ ಮುಂದೆ ಅದೇ ದಾರಿ ಹಿಡಿದರು. ಇದರಲ್ಲಿ ಹೊರಗಿನವರಿಗೆ ಸುಲಭವಾಗಿ ತೋರದ ಅಂಶವೊಂದಿದೆ. ಉಪನಗರವೆಂದರೆ ಬೊಂಬಾಯಿಯ ಅಂಧೇರಿ, ಬೋರಿವಲಿಗಳಂತೆ ಒಂದೇ ನಗರಸಭೆಯ ವಾರ್ಡುಗಳಲ್ಲ. ಒಂದೊಂದೂ ತನ್ನದೇ ಆಡಳಿತ, ತನ್ನದೇ ತೆರಿಗೆ, ತನ್ನದೇ ಶಾಲೆಗಳುಳ್ಳ ಬೇರೆಯ ಊರು. ಎಂಟು ಮೈಲಿ ರಸ್ತೆಯೆಂಬ ಗಡಿಯನ್ನು ದಾಟಿ ಆಚೆಗೆ ಮನೆ ಮಾಡಿದವನ ಮನೆತೆರಿಗೆ ಡೆಟ್ರಾಯಿಟಿಗೆ ಸೇರದು. ಮಹಾನಗರ ಪ್ರದೇಶ ಸಿರಿವಂತವಾಗಿಯೇ ಉಳಿಯಿತು; ಅದರ ನಡುವಣ ನಗರ ಮಾತ್ರ ಬಡವಾಯಿತು. ಮೋಟಾರು ಸಂಸ್ಥೆಗಳಲ್ಲಿ ಇಂಜಿನಿಯರುಗಳಾಗಿ ಹೋಗಿ ನೆಲಸಿ, ಪಂಪ ಕನ್ನಡ ಕೂಟವನ್ನು ಕಟ್ಟಿಕೊಂಡಿರುವ ಅಲ್ಲಿನ ಕನ್ನಡಿಗರಲ್ಲಿಯೂ ಹೆಚ್ಚಿನವರು ಇರುವುದು ಈ ಉಪನಗರಗಳಲ್ಲಿಯೇ. ಸ್ವತಃ ಬಿಂಗ್ ಅವರೂ ವ್ಯಾಪಾರವನ್ನು ನಗರದೊಳಗೆ ನಡೆಸುತ್ತಿದ್ದರೂ ಮನೆ ಮಾಡಿದ್ದುದು ಫ್ರಾಂಕ್ಲಿನ್ ಎಂಬ ಉಪನಗರದಲ್ಲಿ. ಚುನಾವಣೆಗೆ ನಿಲ್ಲಬೇಕೆಂದಾಗ ಅವರು ನದೀತೀರದ ಮನೆಯೊಂದಕ್ಕೆ ಬಂದು ನಗರವಾಸಿಯಾಗಬೇಕಾಯಿತು. ವಿರೋಧಿಗಳು ಇದನ್ನು ಎತ್ತಿ ಆಡಿದುದು ಸಹಜ.

ಆ ಚುನಾವಣೆ ಬಂದುದು ಅಕಾಲದಲ್ಲಿ. ಮೇಯರಾಗಿದ್ದ ಕ್ವಾಮಿ ಕಿಲ್ಪ್ಯಾಟ್ರಿಕ್ ೨೦೦೮ರ ಸೆಪ್ಟೆಂಬರಿನಲ್ಲಿ ನ್ಯಾಯವಿಚಾರಣೆಗೆ ಅಡ್ಡಿ ಮಾಡಿದ ಅಪರಾಧವನ್ನು ಒಪ್ಪಿಕೊಂಡು ಪದವಿಯನ್ನು ಬಿಟ್ಟರು. ನಗರಸಭೆಯ ಅಧ್ಯಕ್ಷರಾಗಿದ್ದ ಕೆನೆತ್ ಕಾಕ್ರೆಲ್ ತಾತ್ಕಾಲಿಕವಾಗಿ ಮೇಯರಾದರು. ಉಳಿದ ಅವಧಿಗಾಗಿ ೨೦೦೯ರ ಮೇ ೫ರಂದು ನಡೆದ ವಿಶೇಷ ಚುನಾವಣೆಯಲ್ಲಿ ಬಿಂಗ್ ಅವರು ಕಾಕ್ರೆಲ್ ಅವರನ್ನು ಸೋಲಿಸಿದರು. ನವೆಂಬರಿನಲ್ಲಿ ಪೂರ್ಣಾವಧಿಗೂ ಗೆದ್ದರು. ಆಗ ಅವರಿಗೆ ಅರವತ್ತೈದು ವರ್ಷ. ಅದಕ್ಕೆ ಮೊದಲು ಯಾವ ಚುನಾಯಿತ ಪದವಿಯನ್ನೂ ಅವರು ಕಂಡವರಲ್ಲ. ಅವರು ಪ್ರಮಾಣವಚನ ಸ್ವೀಕರಿಸಿದ ಆ ಬೇಸಗೆಯಲ್ಲಿಯೇ ಜನರಲ್ ಮೋಟಾರ್ಸ್ ಮತ್ತು ಕ್ರೈಸ್ಲರ್ ಎರಡೂ ದಿವಾಳಿ ನ್ಯಾಯಾಲಯದಲ್ಲಿದ್ದುವು.

ಹೊಸ ಮೇಯರು ತೆರೆದು ನೋಡಿದ ಲೆಕ್ಕದಲ್ಲಿ ವರ್ಷ ವರ್ಷದ ಖೋತಾ ಇದ್ದುದು ಎಲ್ಲರಿಗೂ ಗೊತ್ತಿದ್ದ ವಿಷಯ. ಅದಕ್ಕಿಂತ ಕಠಿನವಾದುದು ಹಿಂದಿನವರು ಮಾಡಿಟ್ಟಿದ್ದ ಒಂದು ಕರಾರು. ನಿವೃತ್ತಿವೇತನದ ನಿಧಿಗಳಿಗೆ ನಗರವು ಸಲ್ಲಿಸಬೇಕಾದ ಹಣ ಬಾಕಿ ಬಿದ್ದಿತೆಂದು ೨೦೦೫ರಲ್ಲಿ ಸಾಲಪತ್ರಗಳ ಮೂಲಕ ಸುಮಾರು ೧೪೪ ಕೋಟಿ ಡಾಲರುಗಳನ್ನು ಎತ್ತಲಾಗಿದ್ದಿತು. ಅದರ ಒಂದು ದೊಡ್ಡ ಭಾಗಕ್ಕೆ ಬಡ್ಡಿ ಏರಿಳಿಯುವ ದರದ್ದು. ದರ ಏರಿದರೆ ಗತಿಯೇನೆಂದು ಹೆದರಿ ನಗರವು ಎರಡು ಬ್ಯಾಂಕುಗಳೊಡನೆ ವಿನಿಮಯದ ಒಪ್ಪಂದ ಮಾಡಿಕೊಂಡಿತು. ಅದರಂತೆ ನಗರವು ಬ್ಯಾಂಕುಗಳಿಗೆ ನೂರಕ್ಕೆ ಸುಮಾರು ೬ರಂತೆ ಸ್ಥಿರವಾದ ಬಡ್ಡಿಯನ್ನು ಕೊಡತಕ್ಕದ್ದು. ಬ್ಯಾಂಕುಗಳು ನಗರಕ್ಕೆ ಮಾರುಕಟ್ಟೆಯ ದರವನ್ನು ಕೊಡತಕ್ಕದ್ದು. ದರ ಏರಿದರೆ ನಗರಕ್ಕೆ ಲಾಭ, ಇಳಿದರೆ ಬ್ಯಾಂಕಿಗೆ. ೨೦೦೮ರ ಆರ್ಥಿಕ ಕುಸಿತದ ತರುವಾಯ ಮಾರುಕಟ್ಟೆಯ ದರ ಸೊನ್ನೆಯ ಹತ್ತಿರಕ್ಕೆ ಇಳಿಯಿತು. ನಗರವು ಆರು ಕೊಟ್ಟು ಅರೆಯನ್ನೂ ಪಡೆಯದ ಸ್ಥಿತಿಗೆ ಬಂದಿತು.

ಇದಕ್ಕೂ ಮೇಲಾಗಿ ಕರಾರಿನಲ್ಲಿ ಇನ್ನೊಂದು ಷರತ್ತಿದ್ದಿತು. ನಗರದ ಸಾಲಯೋಗ್ಯತೆಯ ದರ್ಜೆ ಒಂದು ಮಟ್ಟಕ್ಕಿಂತ ಇಳಿದರೆ ಬ್ಯಾಂಕುಗಳು ಒಪ್ಪಂದವನ್ನು ಮುಗಿಸಿ, ಮುಂದಿನ ವರ್ಷಗಳ ನಷ್ಟವನ್ನೆಲ್ಲ ಒಂದೇ ಕಂತಿನಲ್ಲಿ ಕೇಳಬಹುದು. ೨೦೦೯ರ ಜನವರಿಯಲ್ಲಿ ದರ್ಜೆ ಇಳಿಯಿತು. ಕೇಳಬಹುದಾಗಿದ್ದ ಮೊತ್ತ ಹಲವು ಹತ್ತು ಕೋಟಿ ಡಾಲರುಗಳದು. ನಗರದ ಖಜಾನೆಯಲ್ಲಿ ಅದು ಇರಲಿಲ್ಲ. ಜೂನ್ ತಿಂಗಳಲ್ಲಿ, ಎಂದರೆ ಬಿಂಗ್ ಅಧಿಕಾರಕ್ಕೆ ಬಂದ ಕೆಲವೇ ವಾರಗಳಲ್ಲಿ, ರಾಜಿಯಾಯಿತು: ಬ್ಯಾಂಕುಗಳು ಕೂಡಲೇ ಹಣ ಕೇಳವು, ಅದಕ್ಕೆ ಬದಲಾಗಿ ನಗರದ ಮೂರು ಜೂಜುಕಟ್ಟೆಗಳಿಂದ ಬರುವ ತೆರಿಗೆಯ ಆದಾಯ ಅವರಿಗೆ ಒತ್ತೆ. ನಗರಕ್ಕೆ ಭರವಸೆಯಿಂದ ಬರುತ್ತಿದ್ದ ಆದಾಯಗಳಲ್ಲಿ ಅದೊಂದು. ಮನೆಯ ಯಜಮಾನನು ಅಡುಗೆಮನೆಯ ಪಾತ್ರೆಗಳನ್ನು ಅಡವಿಟ್ಟಂತೆ ಇದು. ಮಾತುಕತೆ ಆರಂಭವಾದುದು ಬಿಂಗ್ ಬರುವುದಕ್ಕೆ ಮುಂಚೆಯೇ ಎಂಬುದು ನಿಜ. ಬೇರೆ ದಾರಿ ಏನಿದ್ದಿತೆಂಬ ಪ್ರಶ್ನೆಗೂ ಸುಲಭವಾದ ಉತ್ತರವಿಲ್ಲ. ಅಂತೂ ದಿವಾಳಿಯ ದಿನ ನಾಲ್ಕು ವರ್ಷ ಮುಂದಕ್ಕೆ ಹೋಯಿತು, ಆ ನಾಲ್ಕು ವರ್ಷಗಳ ಬಡ್ಡಿ ಸಲ್ಲುತ್ತ ಹೋಯಿತು.

ವ್ಯಾಪಾರಿ ಇಂಥ ಸಂದರ್ಭದಲ್ಲಿ ಮಾಡುವುದೇನು? ನಷ್ಟದ ಘಟಕವನ್ನು ಮುಚ್ಚುತ್ತಾನೆ, ಉಳಿದುದನ್ನು ಬಲಪಡಿಸುತ್ತಾನೆ. ಬಿಂಗ್ ಅವರ ಮನಸ್ಸು ಓಡಿದುದೂ ಆ ಕಡೆಗೇ. ನಗರದ ವಿಸ್ತೀರ್ಣ ೧೩೯ ಚದರ ಮೈಲಿ. ಬಾಸ್ಟನ್, ಸಾನ್ ಫ್ರಾನ್ಸಿಸ್ಕೋ, ಮ್ಯಾನ್‌ಹಾಟನ್ ಮೂರೂ ಅದರೊಳಗೆ ಹಿಡಿಸುತ್ತವೆ. ಹದಿನೆಂಟು ಲಕ್ಷ ಜನರಿಗೆಂದು ಹಾಸಿದ ನೀರಿನ ಕೊಳವೆ, ಚರಂಡಿ, ದೀಪದ ಕಂಬ, ರಸ್ತೆಗಳನ್ನು ಏಳು ಲಕ್ಷ ಜನರ ತೆರಿಗೆಯಿಂದ ನಡೆಸಬೇಕು. ಒಂದು ಬೀದಿಯಲ್ಲಿ ಇಪ್ಪತ್ತು ಮನೆಗಳಿದ್ದು ಮೂರರಲ್ಲಿ ಮಾತ್ರ ಜನರಿದ್ದರೂ ಕಸದ ಗಾಡಿ ಬೀದಿಯ ಕೊನೆಯವರೆಗೆ ಹೋಗಿಬರಬೇಕು. ಜನರು ಗಟ್ಟಿಯಾಗಿರುವ ಬಡಾವಣೆಗಳಲ್ಲಿ ಒತ್ತಾಗಿ ನೆಲಸುವಂತೆ ಮಾಡಿದರೆ ವೆಚ್ಚ ಇಳಿದೀತೆಂಬುದು ಸರಳವಾದ ಲೆಕ್ಕ. ೨೦೧೦ರಲ್ಲಿ ಅವರು ಡೆಟ್ರಾಯಿಟ್ ವರ್ಕ್ಸ್ ಎಂಬ ಯೋಜನೆಯನ್ನು ಆರಂಭಿಸಿದರು. ನಾಲ್ಕು ವರ್ಷಗಳಲ್ಲಿ ೧೦,೦೦೦ ಪಾಳುಮನೆಗಳನ್ನು ಕೆಡವುವುದಾಗಿಯೂ ಸಾರಿದರು.

ಲೆಕ್ಕ ಸರಿಯಾಗಿದ್ದರೂ ಅದನ್ನು ಕೇಳಿದವರ ನೆನಪು ಬೇರೆಯದಾಗಿದ್ದಿತು. ಬ್ಲ್ಯಾಕ್ ಬಾಟಮ್ ಎಂಬ ಕಪ್ಪು ಜನರ ಹಳೆಯ ಕೇರಿಯನ್ನು ೧೯೫೦ರ ದಶಕದಲ್ಲಿ ನಗರದ ಪುನರುದ್ಧಾರದ ಹೆಸರಿನಲ್ಲಿ ಕೆಡವಿ, ಅದರ ಅಂಗಡಿಸಾಲಾಗಿದ್ದ ಹೇಸ್ಟಿಂಗ್ಸ್ ಬೀದಿಯ ಮೇಲೆ ಹೆದ್ದಾರಿಯನ್ನು ಹಾಯಿಸಿದ್ದರು. ೧೯೮೧ರಲ್ಲಿ ಜನರಲ್ ಮೋಟಾರ್ಸಿನ ಕಾರ್ಖಾನೆಗಾಗಿ ಪೋಲ್‌ಟೌನ್ ಎಂಬ ಬಡಾವಣೆಯನ್ನೇ ಎಬ್ಬಿಸಿದ್ದರು. ಮುದುಕರು ಇವೆರಡನ್ನೂ ಕಣ್ಣಾರೆ ಕಂಡವರು. ಬಂಡವಾಳವನ್ನು ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಹೂಡಬಹುದು. ನಲವತ್ತು ವರ್ಷ ಕಂತು ಕಟ್ಟಿ ಕೊಂಡ ಮನೆಯನ್ನು, ಸುತ್ತ ಮನೆಗಳೆಲ್ಲ ಪಾಳುಬಿದ್ದರೂ ಮುಂದಿನ ಹೂತೋಟಕ್ಕೆ ನೀರೆರೆಯುತ್ತಿದ್ದವರನ್ನು ಏನು ಮಾಡುವುದು? ೨೦೧೦ರ ಸೆಪ್ಟೆಂಬರಿನಲ್ಲಿ ಕರೆದ ಸಾರ್ವಜನಿಕ ಸಭೆಗೆ ಜನ ಕಿಕ್ಕಿರಿದು ಬಂದು ಸಿಟ್ಟನ್ನು ತೋರಿದರು. ಯಾರನ್ನೂ ಬಲವಂತದಿಂದ ಎಬ್ಬಿಸುವುದಿಲ್ಲವೆಂದು ಬಿಂಗ್ ಮತ್ತೆ ಮತ್ತೆ ಹೇಳಬೇಕಾಯಿತು. ಬಲವಂತವಿಲ್ಲವೆಂದ ಮೇಲೆ, ಏಳಲು ಒಪ್ಪಿದವರಿಗೆ ಕೊಡಲು ಹಣವೂ ಇಲ್ಲವೆಂದ ಮೇಲೆ, ಯೋಜನೆಯಲ್ಲಿ ಉಳಿಯುವುದು ನಕಾಶೆ ಮಾತ್ರ. ನಗರದ ಭವಿಷ್ಯವನ್ನು ಕುರಿತ ದೊಡ್ಡ ವರದಿ ೨೦೧೩ರ ಜನವರಿಯಲ್ಲಿ ಹೊರಬಂದಿತು. ಅದರಲ್ಲಿನ ಆಲೋಚನೆಗಳನ್ನು ಮುಂದಿನವರೂ ಬಳಸಿಕೊಂಡರೆಂಬುದನ್ನು ಬಿಂಗ್ ಅವರ ಪರವಾಗಿ ಹೇಳಬೇಕು.

ವೆಚ್ಚವನ್ನು ಕಡಿಮೆ ಮಾಡುವ ಕೆಲಸದಲ್ಲಿ ಅವರು ಹಿಂಜರಿದವರಲ್ಲ. ನೌಕರರ ಸಂಖ್ಯೆ ಇಳಿಯಿತು. ಸಂಬಳವಿಲ್ಲದ ರಜೆಯ ದಿನಗಳು ಬಂದುವು. ೨೦೧೨ರಲ್ಲಿ ಸಂಬಳದಲ್ಲಿ ನೂರಕ್ಕೆ ೧೦ರ ಕಡಿತವಾಯಿತು. ಬಸ್ಸುಗಳು ಕಡಿಮೆಯಾದುವು. ನಗರದ ೮೮,೦೦೦ ಬೀದಿದೀಪಗಳಲ್ಲಿ ನೂರಕ್ಕೆ ಸುಮಾರು ೪೦ ಉರಿಯುತ್ತಿರಲಿಲ್ಲ. ಆದರೆ ಕಡಿತದಿಂದ ಉಳಿದುದು ಹೋದುದೆಲ್ಲಿಗೆ? ದುಡಿಯುತ್ತಿದ್ದ ನೌಕರರು ೧೦,೦೦೦ದ ಆಸುಪಾಸಿನವರು, ನಿವೃತ್ತರಾಗಿ ವೇತನ ಪಡೆಯುತ್ತಿದ್ದವರು ೨೦,೦೦೦ಕ್ಕೂ ಹೆಚ್ಚು. ದುಡಿಯುವವನೊಬ್ಬನ ಹಿಂದೆ ದುಡಿದು ಮುಗಿಸಿದವರು ಇಬ್ಬರು. ಅವರಿಗೆ ಸಲ್ಲಬೇಕಾದುದು ಭಿಕ್ಷೆಯಲ್ಲ, ಹಿಂದೆ ಮಾಡಿದ ಕೆಲಸದ ಬಾಕಿ. ನಗರವು ಸಮೃದ್ಧವಾಗಿದ್ದಾಗ ಮಾತು ಕೊಟ್ಟು, ಆ ಮಾತಿಗೆ ತಕ್ಕ ಹಣವನ್ನು ಅಂದಂದೇ ತೆಗೆದಿಡದೆ ಬಂದುದರ ಫಲವಿದು. ಇಂದಿನ ಕಸದ ಗಾಡಿಯನ್ನು ನಿಲ್ಲಿಸಿ ನಿನ್ನೆಯ ಸಾಲವನ್ನು ತೀರಿಸುವುದು ಸ್ವಲ್ಪ ಕಾಲ ಸಾಧ್ಯ. ಆದರೆ ಗಾಡಿ ನಿಂತ ಬೀದಿಯಿಂದ ಇನ್ನೆರಡು ಸಂಸಾರಗಳು ಊರು ಬಿಡುತ್ತವೆ, ತೆರಿಗೆ ಇನ್ನಷ್ಟು ಇಳಿಯುತ್ತದೆ.

ಬಿಂಗ್ ಅವರಲ್ಲಿ ದೋಷಗಳಿರಲಿಲ್ಲವೆಂದಲ್ಲ. ನಗರಸಭೆಯ ಸದಸ್ಯರನ್ನೂ ಕಾರ್ಮಿಕ ಸಂಘಗಳನ್ನೂ ಒಲಿಸಿಕೊಳ್ಳುವ ಕಲೆ ಅವರಿಗೆ ಒಗ್ಗಲಿಲ್ಲ. ಕಂಪನಿಯ ಒಡೆಯನು ಹೇಳಿದುದು ಮರುದಿನ ನಡೆಯುತ್ತದೆ. ಮೇಯರು ಹೇಳಿದುದು ಸಭೆ, ಸಂಘ, ನ್ಯಾಯಾಲಯಗಳನ್ನು ಹಾದು ಬರಬೇಕು. ಪೋಲೀಸು ಮತ್ತು ಅಗ್ನಿಶಾಮಕ ನೌಕರರ ವೇತನದ ತಂಟೆ ಮಧ್ಯಸ್ಥಗಾರರ ತೀರ್ಪಿಗೆ ಹೋಗಬೇಕೆಂದು ಸಂಸ್ಥಾನದ ಕಾನೂನೇ ವಿಧಿಸಿದ್ದಿತು. ಸುತ್ತಮುತ್ತಲಿನ ಅಧಿಕಾರಿಗಳು ಬದಲಾಗುತ್ತ ಹೋದರು. ಪೋಲೀಸು ಮುಖ್ಯಸ್ಥರೇ ಹಲವರಾದರು. ೨೦೧೨ರ ವಸಂತದಲ್ಲಿ, ಸಂಸ್ಥಾನದೊಡನೆ ಅತಿಮುಖ್ಯವಾದ ಮಾತುಕತೆ ನಡೆಯುತ್ತಿದ್ದಾಗಲೇ, ಕರುಳಿನ ಶಸ್ತ್ರಚಿಕಿತ್ಸೆಯಾಗಿ ಅವರು ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಏಪ್ರಿಲಿನಲ್ಲಿ ಒಪ್ಪಂದವೇನೋ ಆಯಿತು: ಅಧಿಕಾರ ನಗರದಲ್ಲಿಯೇ ಉಳಿಯುವುದು, ಆದರೆ ಹಣಕಾಸಿನ ಮೇಲೆ ಒಂದು ಸಮಿತಿಯ ಕಣ್ಣು ಇರುವುದು. ಹನ್ನೊಂದು ತಿಂಗಳಲ್ಲಿ ಅದೂ ವಿಫಲವಾಯಿತು. ೨೦೧೩ರ ಮಾರ್ಚಿಯಲ್ಲಿ ಗವರ್ನರು ರಿಕ್ ಸ್ನೈಡರ್ ಅವರು ಕೆವಿನ್ ಓರ್ ಎಂಬ ದಿವಾಳಿ ವಕೀಲರನ್ನು ತುರ್ತು ಆಡಳಿತಾಧಿಕಾರಿಯಾಗಿ ನೇಮಿಸಿದರು. ಇಂಥ ಅಧಿಕಾರಿಗೆ ವಿಶೇಷ ಅಧಿಕಾರ ಕೊಡುವ ಹಿಂದಿನ ಶಾಸನವನ್ನು ಸಂಸ್ಥಾನದ ಮತದಾರರು ೨೦೧೨ರ ನವೆಂಬರಿನಲ್ಲಿ ತಳ್ಳಿಹಾಕಿದ್ದರು. ಡಿಸೆಂಬರಿನಲ್ಲಿಯೇ ಶಾಸನಸಭೆ ಅದೇ ಬಗೆಯ ಇನ್ನೊಂದನ್ನು ಮಾಡಿಕೊಟ್ಟಿದ್ದಿತು. ನಗರದ ಜನ ಇದನ್ನು ತಮ್ಮ ಮತಾಧಿಕಾರಕ್ಕೆ ಬಿದ್ದ ಪೆಟ್ಟೆಂದು ಎಣಿಸಿದರೆ ಅದು ಅನ್ಯಾಯದ ಮಾತಲ್ಲ.

ಅಧಿಕಾರ ಹೋದ ಆ ತಿಂಗಳಲ್ಲಿ ಬಿಂಗ್ ಮಾಡಿದ ಕೆಲಸವೊಂದು ಅವರ ಸ್ವಭಾವಕ್ಕೆ ತಕ್ಕುದು. ಊರಿನ ದೊಡ್ಡ ವ್ಯಾಪಾರಸಂಸ್ಥೆಗಳಿಂದ ೮೦ ಲಕ್ಷ ಡಾಲರುಗಳ ನೆರವು ದೊರೆಯಿತು. ಅದರಿಂದ ೧೦೦ ಪೋಲೀಸು ಕಾರುಗಳೂ ೨೩ ಆಂಬ್ಯುಲೆನ್ಸುಗಳೂ ಬರುವಂತಾಯಿತು. ಒಂದು ಮಹಾನಗರ ತನ್ನ ರೋಗಿಗಳನ್ನು ಸಾಗಿಸಲು ಚಂದಾ ಎತ್ತುವ ಸ್ಥಿತಿ ಎಂಥದೆಂಬುದನ್ನು ಯಾರೂ ಊಹಿಸಬಹುದು. ಮೇ ೧೪ರಂದು ತಾವು ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲವೆಂದು ಅವರು ಪ್ರಕಟಿಸಿದರು.

ಮುಂದೆ ನಡೆದುದನ್ನು ನೋಡಿದರೆ ಅವರ ಕೈಯಲ್ಲಿ ಇಲ್ಲದಿದ್ದುದು ಏನೆಂಬುದು ಗೊತ್ತಾಗುತ್ತದೆ. ಅಮೆರಿಕದ ದಿವಾಳಿ ಕಾನೂನಿನ ಒಂಬತ್ತನೆಯ ಅಧ್ಯಾಯ ನಗರಗಳಿಗಾಗಿಯೇ ಇರುವುದು. ನಗರವನ್ನು ಕಂಪನಿಯಂತೆ ಮುಚ್ಚಿ ಆಸ್ತಿಯನ್ನು ಹರಾಜು ಹಾಕುವಂತಿಲ್ಲ. ಸಾಲಗಾರರು ಎಷ್ಟು ಬಿಡಬೇಕೆಂಬುದನ್ನು ಮಾತ್ರ ನ್ಯಾಯಾಲಯ ತೀರ್ಮಾನಿಸುತ್ತದೆ. ಆ ಬಾಗಿಲನ್ನು ತಟ್ಟಲು ಸಂಸ್ಥಾನದ ಅಪ್ಪಣೆ ಬೇಕು. ಮೇಯರು ತಾನಾಗಿ ತಟ್ಟುವಂತಿಲ್ಲ. ೨೦೧೪ರ ನವೆಂಬರ್ ೭ರಂದು ನ್ಯಾಯಾಧೀಶ ಸ್ಟೀವನ್ ರೋಡ್ಸ್ ಅವರು ಪರಿಹಾರ ಯೋಜನೆಯನ್ನು ಒಪ್ಪಿದರು. ಸುಮಾರು ೭೦೦ ಕೋಟಿ ಡಾಲರುಗಳ ಸಾಲ ಬಿಟ್ಟುಹೋಯಿತು. ಬಡ್ಡಿ ವಿನಿಮಯದ ಆ ಕರಾರನ್ನು ಬ್ಯಾಂಕುಗಳು ಕಡೆಗೆ ೮೫೦ ಲಕ್ಷ ಡಾಲರುಗಳಿಗೆ ಮುಗಿಸಿಕೊಂಡುವು. ೨೦೦೯ರಲ್ಲಿ ಅದೇ ಕರಾರಿಗಾಗಿ ಜೂಜುಕಟ್ಟೆಗಳ ಆದಾಯವನ್ನೇ ಒತ್ತೆಯಿಡಬೇಕಾಗಿ ಬಂದುದನ್ನು ಇಲ್ಲಿ ನೆನೆಯಬೇಕು. ನಗರದ ಚಿತ್ರಶಾಲೆಯ ಕಲಾಕೃತಿಗಳು ಮಾರಾಟವಾಗದಂತೆಯೂ ನಿವೃತ್ತರಿಗೆ ತೀರ ಅನ್ಯಾಯವಾಗದಂತೆಯೂ ಧರ್ಮಸಂಸ್ಥೆಗಳು, ಚಿತ್ರಶಾಲೆಯ ದಾನಿಗಳು, ಸಂಸ್ಥಾನ ಸರ್ಕಾರ ಕೂಡಿ ೮೧ ಕೋಟಿಗೂ ಮಿಕ್ಕ ಡಾಲರುಗಳನ್ನು ಒದಗಿಸಲು ಒಪ್ಪಿದುವು. ಹಾಗಿದ್ದರೂ ಸಾಮಾನ್ಯ ನೌಕರರ ನಿವೃತ್ತಿವೇತನದಲ್ಲಿ ನೂರಕ್ಕೆ ೪.೫ ಕಡಿತವಾಯಿತು, ಬೆಲೆಯೇರಿಕೆಗೆ ತಕ್ಕ ಹೆಚ್ಚಳವೂ ನಿಂತಿತು.

೨೦೧೪ರ ಜನವರಿಯಲ್ಲಿ ಅಧಿಕಾರಕ್ಕೆ ಬಂದ ಮೈಕ್ ಡಗ್ಗನ್ ಅವರು ದೀಪಗಳನ್ನು ಉರಿಸಿದರು, ಬಸ್ಸುಗಳನ್ನು ಓಡಿಸಿದರು, ಹೆಸರು ಗಳಿಸಿದರು. ಅವರ ದಕ್ಷತೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಅವರ ಕೈಗೆ ಬಂದುದು ಹಳೆಯ ಸಾಲ ತೊಳೆದುಹೋಗಲಿದ್ದ ನಗರ; ಬೀದಿದೀಪಗಳಿಗಾಗಿ ಪ್ರತ್ಯೇಕ ಪ್ರಾಧಿಕಾರವನ್ನು ರಚಿಸುವ ಏರ್ಪಾಡೂ ಹಿಂದಿನವರ ಕಾಲದಲ್ಲಿಯೇ ಆಗಿದ್ದಿತು. ಇಬ್ಬರು ಮೇಯರುಗಳನ್ನು ಹೋಲಿಸುವವರು ಈ ವ್ಯತ್ಯಾಸವನ್ನು ಬಿಟ್ಟು ಹೋಲಿಸಿದರೆ, ಒಂದೇ ಅಂಗಡಿಯ ಎರಡು ವರ್ಷಗಳ ಲಾಭವನ್ನು ಬಡ್ಡಿಯ ಕಾಲಮನ್ನು ಮುಚ್ಚಿ ಓದಿದಂತಾಗುತ್ತದೆ. ಬಿಂಗ್ ಸ್ಟೀಲ್ ಮೊದಲ ಆರು ತಿಂಗಳಲ್ಲಿ ಕಳೆದುಕೊಂಡುದು ಬಿಂಗ್ ಅವರ ಸ್ವಂತ ಹಣ. ಅದನ್ನು ಕೈಬಿಟ್ಟು ಮತ್ತೆ ಮೊದಲಿನಿಂದ ನಡೆಯುವ ಸ್ವಾತಂತ್ರ್ಯ ಅವರಿಗಿದ್ದಿತು. ನಗರದಲ್ಲಿ ಕಳೆಯಬೇಕಾಗಿದ್ದುದು ಸಾಲಪತ್ರ ಕೊಂಡವರದೂ ನಿವೃತ್ತ ಗುಮಾಸ್ತರದೂ. ಅದನ್ನು ಕೈಬಿಡುವ ಹಕ್ಕು ಮೇಯರಿಗಿರಲಿಲ್ಲ.

ಪದವಿ ಮುಗಿದ ಮೇಲೆ ಬಿಂಗ್ ರಾಜಕಾರಣಕ್ಕೆ ಮರಳಲಿಲ್ಲ. ೨೦೧೪ರಲ್ಲಿ ತಮ್ಮ ಹೆಸರಿನ ಯುವ ಸಂಸ್ಥೆಯೊಂದನ್ನು ಡೆಟ್ರಾಯಿಟಿನಲ್ಲಿ ತೆರೆದರು. ೨೦೨೦ರಲ್ಲಿ ಅವರ ಆತ್ಮಕಥೆ ಪ್ರಕಟವಾಯಿತು. ಯುವ ಸಂಸ್ಥೆಯ ಕೆಲಸ ನಗರದ ಕಪ್ಪು ಜನಾಂಗದ ಹುಡುಗರಿಗೆ ಶಾಲೆಯ ವರ್ಷಗಳಲ್ಲಿ ಜೊತೆಯಾಗಿ ನಡೆಯಬಲ್ಲ ಹಿರಿಯರನ್ನು ಗೊತ್ತುಮಾಡಿಕೊಡುವುದು.